ಸ್ಟುಟ್‌ಗಾರ್ಟ್: ಮಲೆನಾಡಿನಿಂದ ಹೋದವರು ಏನು ನೋಡಬೇಕು, ಏನು ಬಿಡಬೇಕು

ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಅಪ್ಪ-ಅಮ್ಮಂದಿರು ಜರ್ಮನಿಗೆ ಹೋಗಿಬರುವುದು ಈಗ ಹೊಸ ಸುದ್ದಿಯಲ್ಲ. ಮಗನೋ ಮಗಳೋ ಸ್ಟುಟ್‌ಗಾರ್ಟ್‌ನ ಯಾವುದೋ ಕಾರು ಕಂಪನಿಯಲ್ಲಿ ಇಂಜಿನಿಯರ್. ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿದ ಮೇಲೆ ಮೂರು ತಿಂಗಳ ವೀಸಾ ಹಾಕಿಸಿಕೊಂಡು ಹೊರಡುತ್ತಾರೆ. ಮಕ್ಕಳು ಪ್ರೀತಿಯಿಂದಲೇ ಶನಿವಾರ ಬಂತೆಂದರೆ ಕಾರು ಹತ್ತಿಸಿ ಕಾಡಿಗೆ, ಗುಡ್ಡಕ್ಕೆ, ಜಲಪಾತಕ್ಕೆ ಕರೆದೊಯ್ಯುತ್ತಾರೆ. ಆಗುಂಬೆಯ ಮಗ್ಗುಲಲ್ಲೇ ಆಯುಸ್ಸು ಕಳೆದವರಿಗೆ ಸಾಲಾಗಿ ನೆಟ್ಟ ಸೂಚಿಪರ್ಣದ ಕಾಡು ತೋರಿಸಿದರೆ ಅವರಾದರೂ ಏನು ಹೇಳಬೇಕು? 'ಚೆನ್ನಾಗಿದೆ' ಎಂದು ಸುಮ್ಮನಾಗುತ್ತಾರೆ, ಅಷ್ಟೆ. ಆ ಊರಿನಲ್ಲಿ ದುಡ್ಡು ಕೊಟ್ಟು ನೋಡಬೇಕಾದದ್ದು ಕೈಯಿಂದ ಕಟ್ಟಿದ್ದನ್ನು: ಯಂತ್ರ, ರೈಲುದಾರಿ, ಗ್ರಂಥಾಲಯ, ಹಳೆಯ ಮನೆ. ಈ ವಿಮರ್ಶೆಯ ತಕ್ಕಡಿ ಅದೇ.

ಮೊದಲು ಓಡಾಟದ ಖರ್ಚು. ಮೂರು ತಿಂಗಳು ಇರುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್‌ ಬಿಟ್ಟು ಬೇರೆ ಯೋಚನೆಯೇ ಬೇಡ. 2026ರ ಜನವರಿಯಿಂದ ಇದಕ್ಕೆ ತಿಂಗಳಿಗೆ 63 ಯುರೋ. ಯುರೋಗೆ ನೂರು ರೂಪಾಯಿ ಎಂದು ಹಿಡಿದರೂ ಆರು ಸಾವಿರದ ಮುನ್ನೂರು. ಊರೊಳಗಿನ ಉಪನಗರ ರೈಲಾದ ಎಸ್‌-ಬಾನ್‌, ಯು ನಂಬರಿನ ಟ್ರಾಮ್, ಬಸ್ಸು, ಜತೆಗೆ ದೇಶವಿಡೀ ಓಡುವ ಪ್ರಾದೇಶಿಕ ರೈಲು, ಎಲ್ಲದಕ್ಕೂ ಅದು ನಡೆಯುತ್ತದೆ. ನಡೆಯದೇ ಇರುವುದು ಐಸಿಇ, ಐಸಿಯಂಥ ವೇಗದ ರೈಲುಗಳಲ್ಲಿ. ಪ್ಲಾಟ್‌ಫಾರಂ ಒಂದೇ, ದಿಕ್ಕೂ ಒಂದೇ ಎಂದು ತಪ್ಪಿ ಹತ್ತಿದರೆ ಟಿಕೆಟ್ ಇಲ್ಲದ ಪ್ರಯಾಣವೆಂದೇ ಲೆಕ್ಕ, ದಂಡ 60 ಯುರೋದಿಂದ ಶುರು. ಇನ್ನೊಂದು ಎಡವಟ್ಟು ವಾಪಸು ಬರುವಾಗ ಆಗುತ್ತದೆ. ಇದು ತಿಂಗಳ ಪಾಸಲ್ಲ, ಚಂದಾ, ತಾನಾಗಿ ನಿಲ್ಲುವುದಿಲ್ಲ. ಜೂನ್ ಕೊನೆಗೆ ನಿಲ್ಲಬೇಕಾದರೆ ಜೂನ್ 10ರ ಒಳಗೆ ರದ್ದು ಮಾಡಿರಬೇಕು. ಹನ್ನೊಂದಕ್ಕೆ ನೆನಪಾದರೆ ಜುಲೈ ದುಡ್ಡೂ ಹೋದಂತೆ.

ಸ್ಟುಟ್‌ಗಾರ್ಟ್ ಇರುವುದು ಬೋಗುಣಿಯಂಥ ತಗ್ಗಿನಲ್ಲಿ, ಸುತ್ತ ದ್ರಾಕ್ಷಿತೋಟದ ಗುಡ್ಡ. ಹಿಂದೆ ತೋಟಕ್ಕೆ ಹತ್ತಲು ಮಾಡಿದ ಮೆಟ್ಟಿಲು ಸಾಲುಗಳು ಇನ್ನೂ ನಾನೂರಕ್ಕೂ ಹೆಚ್ಚಿವೆ. ಗೂಗಲ್ ಮ್ಯಾಪು ಐದು ನಿಮಿಷದ ದಾರಿ ಎಂದು ತೋರಿಸುವುದು ಬಹಳ ಸಲ ಈ ಮೆಟ್ಟಿಲನ್ನೇ. ಮಂಡಿನೋವು ಇರುವವರು ಮರಿಯನ್‌ಪ್ಲಾಟ್ಸ್‌ನಿಂದ ಡೇಗರ್ಲೋಖ್‌ಗೆ ಹತ್ತುವ ಹಲ್ಲುಗಾಲಿ ರೈಲು ಹಿಡಿಯಿರಿ. 1884ರಿಂದ ಓಡುತ್ತಿರುವ ಇದನ್ನು ಊರಿನವರು 'ಟ್ಸಾಕೆ' ಎನ್ನುತ್ತಾರೆ. ಪ್ರವಾಸಿಗರ ಆಟಿಕೆ ಎಂದುಕೊಳ್ಳಬೇಡಿ. ಜನ ಕೆಲಸಕ್ಕೆ ಹೋಗುವ ಗಾಡಿ, ಮಾಮೂಲಿ ಟಿಕೆಟ್ ಸಾಕು. ಹತ್ತುವಾಗ ಇಳಿಜಾರಿನ ಕಡೆಯ ಕಿಟಕಿ ಹಿಡಿದರೆ ಇಡೀ ಊರು ಕಾಲಡಿ ಬಿಚ್ಚಿಕೊಳ್ಳುತ್ತದೆ. ಅಂದಹಾಗೆ, ಮುಖ್ಯ ರೈಲು ನಿಲ್ದಾಣವನ್ನು ನೆಲದಡಿಗೆ ಇಳಿಸುವ ಕಾಮಗಾರಿ 2010ರಲ್ಲಿ ಶುರುವಾದದ್ದು, ಮುಗಿಯುವ ದಿನ ಮುಂದಕ್ಕೆ ಹೋಗುತ್ತಲೇ ಇದೆ. ಈ ವಿಷಯದಲ್ಲಿ ನಮ್ಮೂರಿನವರು ಹೋದಕೂಡಲೇ ಹೊಂದಿಕೊಳ್ಳುತ್ತಾರೆ. ಊರ ಕಡೆಯಿಂದ ಪ್ಲಾಟ್‌ಫಾರಂ ಮುಟ್ಟಲು ಬಳಸುದಾರಿ ಇರುವುದರಿಂದ ಹದಿನೈದು ನಿಮಿಷ ಮೊದಲೇ ಹೊರಡಿ.

ಒಂದೇ ಒಂದು ಜಾಗ ನೋಡುತ್ತೇವೆ ಎನ್ನುವವರಿಗೆ ಮರ್ಸಿಡಿಸ್-ಬೆಂಜ್ ಮ್ಯೂಸಿಯಂ. ಎಸ್‌1 ರೈಲಿನಲ್ಲಿ ನೆಕರ್‌ಪಾರ್ಕ್‌ನಲ್ಲಿ ಇಳಿದು ನಡೆಯಬೇಕು. ಸೋಮವಾರ ರಜೆ, ಪೋರ್ಷೆ ಮ್ಯೂಸಿಯಂಗೂ ಅದೇ ರಜೆ, ಆದ್ದರಿಂದ 'ಅದಿಲ್ಲದಿದ್ದರೆ ಇದು' ಎಂಬ ಲೆಕ್ಕ ಸೋಮವಾರ ಕೈಕೊಡುತ್ತದೆ. 2006ರಲ್ಲಿ ತೆರೆದ ಕಟ್ಟಡ. ಕ್ಯಾಪ್ಸೂಲಿನಂಥ ಲಿಫ್ಟು ನಿಮ್ಮನ್ನು ನೇರ ಮೇಲಂತಸ್ತಿಗೆ ಒಯ್ದು ಬಿಡುತ್ತದೆ; ಆಮೇಲೆ ಇಳಿಜಾರಿನಲ್ಲಿ ಸುತ್ತುತ್ತ ಇಳಿಯುವುದು ಮಾತ್ರ, ಹತ್ತುವ ಮಾತೇ ಇಲ್ಲ. ಮೇಲೆ ಮೊದಲು ಎದುರಾಗುವುದು ಕಾರಲ್ಲ, ಬಿಳಿ ಕುದುರೆಯ ಬೊಂಬೆ. ಅದರಾಚೆ 1886ರ ಬೆಂಜ್ ಗಾಡಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮೂರೇ ಚಕ್ರ, ಒಂದೇ ಸಿಲಿಂಡರ್, ಮುಕ್ಕಾಲು ಅಶ್ವಶಕ್ತಿ, ವೇಗ ಗಂಟೆಗೆ ಸುಮಾರು 16 ಕಿ.ಮೀ. ಹಿಂದುಗಡೆ ಬಗ್ಗಿ ನೋಡಿದರೆ ದೊಡ್ಡ ಫ್ಲೈವೀಲು ಅಡ್ಡಡ್ಡಲಾಗಿ ಮಲಗಿದೆ; ನೆಟ್ಟಗೆ ನಿಲ್ಲಿಸಿದರೆ ತಿರುವಿನಲ್ಲಿ ಗಾಡಿ ತಿರುಗಿಸಲು ಅಡ್ಡಿಯಾದೀತು ಎಂದು ಕಾರ್ಲ್ ಬೆಂಜ್ ಹಾಗೆ ಕೂರಿಸಿದ್ದು. ತೋಟದ ಪಂಪಿನ ಡೀಸೆಲ್ ಇಂಜಿನ್‌ ಬಿಚ್ಚಿ ಜೋಡಿಸಿದ ಕೈಗಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಬೆಂಜ್ ಇದ್ದದ್ದು ಮನ್‌ಹೈಮ್‌ನಲ್ಲಿ, ಇನ್ನೊಬ್ಬ ಕಾರು ತಯಾರಕ ಡೈಮ್ಲರ್ ಇದೇ ಊರಿನ ಬಾದ್ ಕಾನ್‌ಸ್ಟಾಟ್‌ನಲ್ಲಿ. ಇಬ್ಬರ ಕಂಪನಿಗಳು ಒಂದಾದದ್ದು 1926ರಲ್ಲಿ.

ಒಳಗೆ ಎರಡು ದಾರಿಗಳು ಒಂದನ್ನೊಂದು ಹೆಣೆದುಕೊಂಡು ಇಳಿಯುತ್ತವೆ. ಕಾಲಾನುಕ್ರಮದ ಏಳು ಕೋಣೆಗಳ ದಾರಿ ಒಂದು; ಲಾರಿ, ಬಸ್ಸು, ಅಗ್ನಿಶಾಮಕ ವಾಹನ, ಪೋಪ್ ಕೂತ ಗಾಡಿ ಇತ್ಯಾದಿಗಳ ಐದು ಕೋಣೆ ಇನ್ನೊಂದು. ಎಲ್ಲ ಅಂತಸ್ತಿನಲ್ಲೂ ಅದರಿಂದ ಇದಕ್ಕೆ ದಾಟಬಹುದು, ಹಾಗೆ ದಾಟುತ್ತ ದಿಕ್ಕು ತಪ್ಪುವವರೇ ಹೆಚ್ಚು. ಏಳು ಕೋಣೆಯ ದಾರಿಯನ್ನು ಪೂರ್ತಿ ಇಳಿದು, ಕಾಲು ಇನ್ನೂ ಗಟ್ಟಿಯಿದ್ದರೆ ಮತ್ತೆ ಲಿಫ್ಟು ಹತ್ತಿ ಎರಡನೆಯದಕ್ಕೆ ಹೋಗುವುದು ಸಲೀಸು. ಎರಡೂವರೆ-ಮೂರು ಗಂಟೆ ಬೇಕೇಬೇಕು. ಇಂಗ್ಲಿಷ್ ಆಡಿಯೊ ಗೈಡ್ ಟಿಕೆಟಿನಲ್ಲೇ ಸೇರಿದೆ, ಕೇಳಿ ಪಡೆಯಿರಿ. ಪೋರ್ಷೆ ಮ್ಯೂಸಿಯಂ ಇದಕ್ಕೆ ಹೋಲಿಸಿದರೆ ಚಿಕ್ಕದು. ಮೂರು ಕಂಬದ ಮೇಲೆ ಅಷ್ಟು ದೊಡ್ಡ ಕಟ್ಟಡ ನಿಲ್ಲಿಸಿದ್ದು ನೋಡುವಂತಿದೆ, ಆದರೆ ರೇಸಿನ ಹುಚ್ಚು ಇಲ್ಲದವರಿಗೆ ಒಂದು ಗಂಟೆಯಲ್ಲಿ ಎಲ್ಲ ಕಾರೂ ಒಂದೇ ಥರ ಕಾಣತೊಡಗುತ್ತವೆ. ಬಿಡಬಹುದು.

ಬಿಡಬಾರದ್ದು ನಗರದ ಗ್ರಂಥಾಲಯ. ಪುಕ್ಕಟೆ. ಹೊರಗಿನಿಂದ ನೋಡಿದರೆ ಬೂದುಬಣ್ಣದ ಒಂದು ಘನಾಕಾರ, ನೋಡಿ ಮುಖ ಸಿಂಡರಿಸುವವರೂ ಇದ್ದಾರೆ. 2011ರಲ್ಲಿ ತೆರೆದ ಇದನ್ನು ವಿನ್ಯಾಸ ಮಾಡಿದ್ದು ಕೊರಿಯಾ ಮೂಲದ ಇಯುನ್ ಯಂಗ್ ಯಿ. ನಾಲ್ಕು ಗೋಡೆಗೂ ಒಂದೊಂದು ಭಾಷೆಯಲ್ಲಿ 'ಗ್ರಂಥಾಲಯ' ಎಂದು ಬರೆದಿದೆ: ಜರ್ಮನ್, ಇಂಗ್ಲಿಷ್, ಅರಬ್ಬಿ, ಕೊರಿಯನ್. ನೇರ ಲಿಫ್ಟಿನಲ್ಲಿ ಮೇಲೆ ಹೋಗಿ. ಐದು ಅಂತಸ್ತಿನ ಪುಸ್ತಕದ ಸಾಲುಗಳು ಬಾವಿಯ ಸುತ್ತುಗಟ್ಟೆಯಂತೆ ಮೇಲೆ ಮೇಲೆ ಅಗಲವಾಗುತ್ತ ಹೋಗಿವೆ, ಬಣ್ಣ ಬರೇ ಬಿಳಿ. ಆ ಬಿಳುಪಿನಲ್ಲಿ ಎದ್ದು ಕಾಣುವುದು ಪುಸ್ತಕ ಮತ್ತು ಓದುವ ಜನ. ಭಾನುವಾರ ಬಾಗಿಲು ಹಾಕಿರುತ್ತದೆ. ಮಕ್ಕಳಿಗೆ ರಜೆ ಇರುವ ದಿನವೇ ಅದಾದ್ದರಿಂದ ಬಹಳ ಮಂದಿ ಇದನ್ನು ನೋಡದೇ ಮರಳುತ್ತಾರೆ. ವಾರದ ದಿನ ನೀವೇ ಟ್ರಾಮ್ ಹಿಡಿದು ಹೋಗಿ. ನಿಲ್ದಾಣದ ಹೆಸರೂ 'ಷ್ಟಾಟ್‌ಬಿಬ್ಲಿಯೊಟೇಕ್' ಎಂದೇ ಇದೆ, ತಪ್ಪುವ ಭಯವಿಲ್ಲ.

ವಿಲ್ಹೆಲ್ಮಾ ಮೃಗಾಲಯ-ಸಸ್ಯತೋಟ ಮೊಮ್ಮಕ್ಕಳಿದ್ದರೆ ಸರಿ. ವರ್ಷದ ಎಲ್ಲ ದಿನ ತೆರೆದಿರುತ್ತದೆ, ಸೋಮವಾರದ ಸಮಸ್ಯೆಗೆ ಇದೇ ಪರಿಹಾರ. ಈ ಸೀಮೆಯ ದೊರೆ ಒಂದನೇ ವಿಲ್ಹೆಲ್ಮ್ ತನಗಾಗಿ ಮೂರಿಷ್ (ಸ್ಪೇನ್, ಉತ್ತರ ಆಫ್ರಿಕದ ಅರಬ್) ಶೈಲಿಯಲ್ಲಿ ಕಟ್ಟಿಸಿಕೊಂಡ ಉದ್ಯಾನ ಇದು. ಮಾರ್ಚ್ ಕೊನೆ, ಏಪ್ರಿಲ್ ಮೊದಲಿಗೆ ಮ್ಯಾಗ್ನೋಲಿಯಾ ಮರಗಳು ಎಲೆ ಬಿಡುವ ಮೊದಲೇ ಮೈತುಂಬ ಹೂ ಬಿಡುತ್ತವೆ. ಆ ಹದಿನೈದು ದಿನಕ್ಕೆ ಸರಿಯಾಗಿ ಹೋದವರು ಪುಣ್ಯವಂತರು. ಗಾಜಿನ ಮನೆಗಳಲ್ಲಿ ಬಾಳೆ, ಮೆಣಸಿನ ಬಳ್ಳಿ ಜಾತಿಯವನ್ನು ತೋರಿಸಲು ಯಾರಾದರೂ ಕರೆದರೆ ನಗಬೇಡಿ.

ಎತ್ತರದಿಂದ ಊರು ನೋಡಲು ಟಿವಿ ಗೋಪುರ ಎಲ್ಲರೂ ಹೇಳುವ ಜಾಗ. 1956ರಲ್ಲಿ ಫ್ರಿಟ್ಸ್ ಲಿಯೊನ್‌ಹಾರ್ಟ್ ಕಟ್ಟಿದ್ದು, ಸುಮಾರು 217 ಮೀಟರ್, ಕಾಂಕ್ರೀಟಿನ ಟಿವಿ ಗೋಪುರಗಳಲ್ಲಿ ಜಗತ್ತಿಗೇ ಮೊದಲನೆಯದು. ಲಿಫ್ಟು ಇದೆ. ಆಕಾಶ ತಿಳಿಯಾಗಿದ್ದರೆ ಮಾತ್ರ ದುಡ್ಡು ಕೊಡಿ. ಮಂಜು ಕವಿದ ದಿನ ಮೇಲೆ ಹೋಗುವುದೂ ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ಜುಲೈನಲ್ಲಿ ನಿಲ್ಲುವುದೂ ಒಂದೇ. ಇದಕ್ಕಿಂತ ಬಿರ್ಕೆನ್‌ಕಾಪ್ಫ್ ಗುಡ್ಡ ಮನಸ್ಸಿಗೆ ನಾಟುತ್ತದೆ, ಅದಕ್ಕೆ ಟಿಕೆಟೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಊರಿನ ಮೇಲೆ ಐವತ್ತಕ್ಕೂ ಹೆಚ್ಚು ಸಲ ಬಾಂಬ್ ದಾಳಿ ನಡೆಯಿತು. ಕುಸಿದ ಮನೆಗಳ ಅವಶೇಷವನ್ನೆಲ್ಲ ತಂದು ಸುರಿದದ್ದು ಈ ಗುಡ್ಡದ ಮೇಲೆ. ಹಾಗಾಗಿ ಅದು ಸುಮಾರು 40 ಮೀಟರ್ ಎತ್ತರವಾಯಿತು. ತುದಿಯಲ್ಲಿ ಕೆತ್ತನೆಯ ಕಂಬದ ತುಂಡು, ಕಿಟಕಿಯ ಚೌಕಟ್ಟಿನ ಕಲ್ಲು, ಕಮಾನಿನ ಚೂರು ಬಿದ್ದಲ್ಲೇ ಬಿಟ್ಟಿದ್ದಾರೆ. ಸುತ್ತಿಕೊಂಡು ಹತ್ತುವ ಅಗಲದಾರಿ, ನಿಧಾನ ನಡೆದರೆ ಉಸಿರು ಕಟ್ಟುವುದಿಲ್ಲ.

ಕಟ್ಟಡ ಕಟ್ಟುವುದರಲ್ಲಿ ಆಸಕ್ತಿ ಇದ್ದವರಿಗೆ ಕಿಲ್ಲೆಸ್‌ಬರ್ಗ್ ಪಕ್ಕದ ವೈಸನ್‌ಹೋಫ್ ಬಡಾವಣೆ. 1927ರ ವಸತಿ ಪ್ರದರ್ಶನಕ್ಕೆ ಕಟ್ಟಿದ ಮನೆಗಳು. ಅದರಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯೆ ಮಾಡಿದ ಜೋಡಿಮನೆ ಈಗ ಮ್ಯೂಸಿಯಂ. ಒಳಗಿನ ಓಣಿ ರೈಲಿನ ಸ್ಲೀಪರ್ ಬೋಗಿಯದರಷ್ಟೇ ಕಿರಿದು, ಹಗಲು ಮಂಚವನ್ನು ಒಳಗೆ ದಬ್ಬಿದರೆ ಮಲಗುವ ಕೋಣೆಯೇ ಪಡಸಾಲೆ. ಚಂಡೀಗಢದ ಅವನದೇ ಕಟ್ಟಡಗಳ ಜತೆ ಇದೂ 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಜಗಲಿ, ಅಂಗಳ, ಅಟ್ಟ ಇದ್ದ ಮನೆಯಲ್ಲಿ ಬೆಳೆದವರು ಇದರಲ್ಲಿ ಎರಡು ದಿನವೂ ಇರಲಾರರು. ನೋಡಲು ಮಾತ್ರ ಯೋಗ್ಯ.

ಲುಡ್ವಿಗ್ಸ್‌ಬುರ್ಗ್ ಅರಮನೆಯಲ್ಲಿ ಮೋಸಹೋಗುವುದು ಟಿಕೆಟ್ ಕಿಟಕಿಯಲ್ಲಿ. ಎಸ್‌4, ಎಸ್‌5 ರೈಲು ಅಲ್ಲಿಗೆ ಹೋಗುತ್ತವೆ. 452 ಕೋಣೆಗಳ ಅರಮನೆಗೆ ಒಂದು ಟಿಕೆಟ್, ಸುತ್ತಲ ಹೂತೋಟಕ್ಕೆ ಇನ್ನೊಂದು. ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲವರೆಗೆ ನಡೆಯುವ ಕುಂಬಳಕಾಯಿ ಪ್ರದರ್ಶನ ತೋಟದ ಟಿಕೆಟಿಗೆ ಸೇರಿದ್ದು. ಅರಮನೆಯ ಟಿಕೆಟ್ ಹಿಡಿದು ಕುಂಬಳಕಾಯಿ ಹುಡುಕಿದರೆ ಸಿಗುವುದಿಲ್ಲ. ಅರಮನೆಯ ಕೋಣೆಗಳನ್ನು ನೋಡಲು ಗೈಡ್ ಜತೆಗೇ ಹೋಗಬೇಕು, ಇಂಗ್ಲಿಷಿನ ಸುತ್ತು ದಿನಕ್ಕೆ ಕೆಲವೇ. ಅದರ ಸಮಯ ಮೊದಲೇ ನೋಡಿಕೊಂಡು ರೈಲು ಹತ್ತಿ. ಎರಡರಲ್ಲಿ ಒಂದು ಎಂದರೆ ತೋಟ.

ಇನ್ನು ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡುಗುಡ್ಡದ ಸೀಮೆ. ಎಲ್ಲರೂ ಓಡುವುದು ಟ್ರಿಬರ್ಗ್ ಜಲಪಾತಕ್ಕೆ. ಒಟ್ಟು 163 ಮೀಟರ್ ನೀರು ಏಳು ಮೆಟ್ಟಿಲಾಗಿ ಬಂಡೆಯ ಮೇಲೆ ಉರುಳಿ ಬರುತ್ತದೆ. ಜೋಗದಲ್ಲಿ ರಾಜ 253 ಮೀಟರ್ ಒಂದೇ ನೆಗೆತಕ್ಕೆ ಬೀಳುತ್ತಾನೆ. ಲಿಂಗನಮಕ್ಕಿ ಕಟ್ಟಿದ ಮೇಲೆ ಬೇಸಿಗೆಯಲ್ಲಿ ಜೋಗ ನೂಲಿನಂತಾಗುವುದು ನಿಜ, ಟ್ರಿಬರ್ಗ್‌ನಲ್ಲಿ ಬೇಸಿಗೆಯಲ್ಲೂ ನೀರಿರುವುದೂ ನಿಜ. ಆದರೂ ಸಾಗರದವರು ದುಡ್ಡು ಕೊಟ್ಟು ನೋಡುವಂಥದ್ದಲ್ಲ. ಪಕ್ಕದ ರಸ್ತೆಯಲ್ಲಿ ಕುಕ್ಕೂ ಗಡಿಯಾರದ ಅಂಗಡಿಗಳ ಸಾಲು. ಕೊಳ್ಳುವುದಿದ್ದರೆ ಇಷ್ಟು ಗಮನಿಸಿ: ಪೈನ್ ಕಾಯಿಯಾಕಾರದ ತೂಕ ಚಿಕ್ಕದಿದ್ದರೆ ದಿನಾ ಎಳೆಯಬೇಕಾದ ಒಂದು ದಿನದ ಯಂತ್ರ, ತೂಕ ದಪ್ಪ ಇದ್ದರೆ ಎಂಟು ದಿನದ್ದು, ಬೆಲೆಯ ದೊಡ್ಡ ವ್ಯತ್ಯಾಸ ಬರುವುದು ಅದರಿಂದ. ಬ್ಯಾಟರಿಯದಕ್ಕೂ ನೇತಾಡುವ ತೂಕ ಇರುತ್ತದೆ, ಅದು ಬರೀ ಅಲಂಕಾರ. ಅಪ್ಪಟ ಯಾಂತ್ರಿಕ ಗಡಿಯಾರಕ್ಕೆ ಅಲ್ಲಿನ ಗಡಿಯಾರ ತಯಾರಕರ ಸಂಘದ ಪ್ರಮಾಣಪತ್ರ ಕೇಳಿ.

ಟ್ರಿಬರ್ಗ್‌ಗೆ ಹೋಗಲು ಒಂದೇ ಕಾರಣ ಅಲ್ಲಿಗೆ ಹೋಗುವ ರೈಲು. ಆಫನ್‌ಬುರ್ಗ್‌ನಿಂದ ಸಿಂಗನ್‌ವರೆಗಿನ ಷ್ವಾರ್ಟ್ಸ್‌ವಾಲ್ಡ್ (ಬ್ಲ್ಯಾಕ್ ಫಾರೆಸ್ಟಿನ ಜರ್ಮನ್ ಹೆಸರು) ರೈಲುದಾರಿಯನ್ನು ರಾಬರ್ಟ್ ಗೆರ್ವಿಗ್ ಎಂಬ ಇಂಜಿನಿಯರ್ ಯೋಜಿಸಿದ. 1873ರಲ್ಲಿ ಪೂರ್ತಿ ತೆರೆಯಿತು. 39 ಸುರಂಗ. ಹಾರ್ನ್‌ಬರ್ಗ್‌ನಿಂದ ಸಾಂಕ್ಟ್ ಗೆಯೋರ್ಗನ್‌ಗೆ ಕಾಗೆ ಹಾರಿದರೆ ಸುಮಾರು 11 ಕಿ.ಮೀ., ರೈಲು ಕ್ರಮಿಸುವುದು ಸುಮಾರು 26 ಕಿ.ಮೀ. ಗುಡ್ಡಕ್ಕೆ ಹಲ್ಲುಗಾಲಿ ಹಾಕದೆ, ಏರು ಕಡಿಮೆ ಮಾಡಲು ದಾರಿಯನ್ನೇ ಎರಡು ಸಲ ಕುಣಿಕೆಯಾಗಿ ತಿರುಗಿಸಿದ್ದಾನೆ. ಈಗಷ್ಟೇ ಬಲಗಡೆ ಕಂಡ ಹಳಿ ಸ್ವಲ್ಪ ಹೊತ್ತಿಗೆ ಎಡಗಡೆ, ಕೆಳಗೆ ಕಾಣುತ್ತದೆ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ ದಾಟಿದವರಿಗೆ ಆ ಕೆಲಸದ ಬೆಲೆ ಬೇಗ ಅರ್ಥವಾಗುತ್ತದೆ. ಅದೂ ಇದೂ ಒಂದೇ ಬಗೆಯ ಲೆಕ್ಕ, ಐವತ್ತಕ್ಕೆ ಒಂದರಷ್ಟು ಏರು. ಸ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಕಾರ್ಲ್ಸ್‌ರೂಹೆಗೆ ಹೋಗಿ, ಅಲ್ಲಿ ಕಾನ್‌ಸ್ಟಾನ್ಸ್ ಕಡೆಯ ರೈಲು ಹತ್ತಬೇಕು. ಡಾಯ್ಚ್‌ಲಾಂಡ್ ಟಿಕೆಟ್ ಸಾಕು. ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದು ಮಗ ಹಟ ಹಿಡಿದರೂ ಬೇಡ ಅನ್ನಿ. ಕಾರಿನಲ್ಲಿ ಇದು ಯಾವುದೂ ಕಾಣುವುದಿಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಹೊರಟು, ಸಾಂಕ್ಟ್ ಗೆಯೋರ್ಗನ್‌ವರೆಗೆ ಹತ್ತಿ, ಅದೇ ದಾರಿಯಲ್ಲಿ ಇಳಿದು ಹೌಸಾಖ್‌ಗೆ ಬನ್ನಿ.

ಹೌಸಾಖ್‌ನಿಂದ ಸ್ವಲ್ಪ ದೂರದಲ್ಲಿ ಗುಟಾಖ್. ಅಲ್ಲಿನ ಫೋಗ್ಟ್ಸ್‌ಬೌವರ್ನ್‌ಹೋಫ್ ಬಯಲು ಮ್ಯೂಸಿಯಂ, ಮಲೆನಾಡಿನವರ ಮಟ್ಟಿಗೆ, ಈ ಸುತ್ತಲಿನ ಜಾಗಗಳಲ್ಲೆಲ್ಲ ಮೊದಲನೆಯದು. ಹೆಸರು ಕೊಟ್ಟ ಮನೆ 1612ರದ್ದು, ಅದೇ ಜಾಗದಲ್ಲಿ ನಿಂತಿದೆ. ಉಳಿದ ಮನೆಗಳನ್ನು ಬೇರೆ ಬೇರೆ ಕಣಿವೆಗಳಿಂದ ಬಿಚ್ಚಿ ತಂದು ಜೋಡಿಸಿದ್ದಾರೆ. ಮಾಡು ಎಷ್ಟು ಕೆಳಗೆ ಇಳಿದಿದೆ ಎಂದರೆ ದೂರದಿಂದ ಗೋಡೆಯೇ ಕಾಣುವುದಿಲ್ಲ. ಒಂದೇ ಸೂರಿನಡಿ ಜನ, ದನ, ಹುಲ್ಲು. ದನದ ಕಾವು ಮನೆಗೆ, ಮೇಲೆ ತುಂಬಿದ ಒಣಹುಲ್ಲು ಚಳಿಗೆ ತಡೆ. ಮನೆಯನ್ನು ಗುಡ್ಡಕ್ಕೆ ಆನಿಸಿ ಕಟ್ಟಿರುವುದರಿಂದ ಹಿಂಬದಿಯ ಏರಿನಿಂದ ಹುಲ್ಲಿನ ಗಾಡಿ ನೇರ ಅಟ್ಟಕ್ಕೇ ನುಗ್ಗುತ್ತದೆ. ಹೊತ್ತು ಏರಿಸುವ ಕೆಲಸವಿಲ್ಲ, ಕೆಳಗಿನ ಕೊಟ್ಟಿಗೆಗೆ ಮೇಲಿಂದ ದಬ್ಬಿದರಾಯಿತು. ಅಡುಗೆಮನೆಗೆ ಹೋದಕೂಡಲೇ ತಲೆಯೆತ್ತಿ ನೋಡಿ. ಚಿಮಣಿ ಇಲ್ಲ. ಒಲೆಯ ಹೊಗೆ ಮೇಲೆ ಸುತ್ತಾಡಿ ಮಾಡಿನ ಸಂದಿನಲ್ಲೇ ಹೊರಹೋಗಬೇಕು. ದಾರಿಯಲ್ಲಿ ನೇತುಹಾಕಿದ ಹಂದಿಮಾಂಸ ಹದವಾಗುತ್ತದೆ, ತೊಲೆಗೆ ಹುಳ ಹಿಡಿಯುವುದಿಲ್ಲ. ನಾನೂರು ವರ್ಷದ ಮಸಿ ತೊಲೆಯ ಮೇಲೆ ಟಾರಿನಂತೆ ಮಿರಿಮಿರಿ ಮಿಂಚುತ್ತದೆ. ನಮ್ಮ ಕಡೆಯ ಹೊಗೆಅಟ್ಟದ ಬಿದಿರು ಕಪ್ಪಾಗಿ ಗಟ್ಟಿಯಾಗುವುದೂ ಇದೇ ಕಾರಣಕ್ಕೆ. ಪಕ್ಕದ ಕೂರುವ ಕೋಣೆಯಲ್ಲಿ ಮಾತ್ರ ಹೊಗೆಯಿಲ್ಲ. ಅಲ್ಲಿನ ಹೆಂಚಿನ ಒಲೆಗೆ ಬೆಂಕಿ ಹಾಕುವ ಬಾಯಿ ಇರುವುದು ಗೋಡೆಯಾಚೆ, ಅಡುಗೆಮನೆಯಲ್ಲಿ. ಮಾರ್ಚ್ ಕೊನೆಯಿಂದ ನವೆಂಬರ್ ಮೊದಲವರೆಗೆ ಮಾತ್ರ ತೆರೆದಿರುತ್ತದೆ. ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ, ಒಳಗೆ ಅರೆಗತ್ತಲು, ತಲೆ ಜೋಪಾನ.

ಊಟದ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಹಳ್ಳಿಗಾಡಿನಲ್ಲಿ ಸಸ್ಯಾಹಾರಿಗಳು ಸಿಕ್ಕಿಬೀಳುವುದೇ ಇಂಥ ಕಡೆ. ಕೇಸ್‌ಷ್ಪೆಟ್ಸ್ಲೆ (ಚೀಸ್ ಹಾಕಿದ ಶಾವಿಗೆಯಂಥ ತಿನಿಸು) ಸಸ್ಯಾಹಾರ ಎಂದು ಬರೆದಿರುತ್ತದೆ, ಮಾಂಸ ಇರುವುದಿಲ್ಲ, ಆದರೆ ಹಿಟ್ಟಿಗೆ ಮೊಟ್ಟೆ ಹಾಕಿಯೇ ಕಲಸುವುದು. ಗಂಟು ಹಾಕಿದಂತಿರುವ ಬ್ರೆಟ್ಸಲ್ ಬ್ರೆಡ್ಡಿಗೆ ಕೆಲವು ಬೇಕರಿಗಳಲ್ಲಿ ಹಂದಿಕೊಬ್ಬು ಸೇರಿಸುವ ರೂಢಿ ಇನ್ನೂ ಇದೆ, ಕೇಳಿ ಕೊಳ್ಳಿ. ಕಟ್ಟುನಿಟ್ಟಿನವರು ಚಪಾತಿ-ಪಲ್ಯ, ಚಿತ್ರಾನ್ನ ಕಟ್ಟಿಕೊಂಡು ಹೊರಡುವುದೇ ವಾಸಿ. ರೈಲಿನಲ್ಲಿ ಬುತ್ತಿ ಬಿಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ, ಆ ದೇಶದವರೂ ಅದನ್ನೇ ಮಾಡುತ್ತಾರೆ. ನಲ್ಲಿನೀರು ಧಾರಾಳ ಕುಡಿಯಬಹುದು. ಅಂಗಡಿಯಲ್ಲಿ ಬಾಟಲಿ ಕೊಂಡರೆ 'ಷ್ಟಿಲ್' ಎಂದು ಬರೆದದ್ದೇ ಬೇಕು, ಇಲ್ಲದಿದ್ದರೆ ಗ್ಯಾಸಿನ ನೀರು. ಖಾಲಿ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ವಾಪಸು ಬರುತ್ತದೆ, ಎಸೆಯಬೇಡಿ. ಶೌಚಾಲಯಕ್ಕೆ ಐವತ್ತು ಸೆಂಟಿನಿಂದ ಒಂದು ಯುರೋ, ಚಿಲ್ಲರೆ ಜೇಬಿನಲ್ಲಿರಲಿ. ಸಕ್ಕರೆ ಕಾಯಿಲೆಯವರಿಗೆ ಇದು ಸಣ್ಣ ಮಾತಲ್ಲ.

ಬಾದ್ ಕಾನ್‌ಸ್ಟಾಟ್‌ನ ಖನಿಜಜಲದ ಸ್ನಾನಗೃಹಗಳಿಗೂ ಕೆಲವರು ಕರೆದೊಯ್ಯುತ್ತಾರೆ. ಕೊಳದಲ್ಲಿ ಈಜುಡುಗೆ ಕಡ್ಡಾಯ. ಬಿಸಿಗಾಳಿಯ ಕೋಣೆಯಾದ ಸೌನಾದಲ್ಲಿ ಉಡುಗೆ ಬಿಚ್ಚುವುದೇ ಕಡ್ಡಾಯ, ಗಂಡು-ಹೆಣ್ಣು ಒಟ್ಟಿಗೆ. ಟಿಕೆಟ್ ಕೊಳ್ಳುವಾಗ ಬರೀ ಕೊಳದ್ದು ಎಂದು ಬಿಡಿಸಿ ಹೇಳಿ.

ಇನ್ನುಳಿದದ್ದು ಟ್ಯೂಬಿಂಗನ್. ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. 1477ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯದ ಊರು. ಕನ್ನಡ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಈ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಇಲ್ಲೇ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದೂ ಇಲ್ಲಿ. ಅವರು ಕೊನೆಯ ದಿನ ಕಳೆದ ಎಸ್‌ಲಿಂಗನ್ ಸ್ಟುಟ್‌ಗಾರ್ಟ್‌ನ ಪಕ್ಕದಲ್ಲೇ, ಎಸ್‌1 ದಾರಿಯಲ್ಲಿದೆ. ಅಲ್ಲಿನ ಮರದ ಚೌಕಟ್ಟಿನ ಹಳೆಯ ಮನೆಗಳ ಓಣಿಗಳಿಗೆ ಒಂದು ಸಂಜೆ ಸಾಕು. ಟ್ಯೂಬಿಂಗನ್‌ಗೆ ಮಾತ್ರ ಪೂರ್ತಿ ದಿನ ಕೊಡಿ. ಗುಡ್ಡದ ಮೇಲಿನ ಕೋಟೆಯ ಹಳೆಯ ಅಡುಗೆಮನೆ ಆಗ ಪ್ರಯೋಗಾಲಯವಾಗಿತ್ತು. 1869ರಲ್ಲಿ ಫ್ರೀಡ್ರಿಕ್ ಮೀಷರ್ ಕೀವು ಹತ್ತಿದ ಬ್ಯಾಂಡೇಜುಗಳಿಂದ ಈಗ ನಾವು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಅಲ್ಲಿ. ಅದೇ ಕೋಟೆಯ ಮ್ಯೂಸಿಯಂನಲ್ಲಿ ಮ್ಯಾಮತ್ ದಂತದಲ್ಲಿ ಕೆತ್ತಿದ ಕುದುರೆ ಇದೆ, ಸುಮಾರು 40 ಸಾವಿರ ವರ್ಷ ಹಳೆಯದು, ಉದ್ದ ಐದು ಸೆಂಟಿಮೀಟರೂ ಇಲ್ಲ. ಗಾಜಿಗೆ ಮೂಗು ತಾಗಿಸಿ ನೋಡಿದರೆ ಕತ್ತಿನ ಬಾಗು ಗೊತ್ತಾಗುತ್ತದೆ. ಸೋಮವಾರ, ಮಂಗಳವಾರ ಬಿಟ್ಟು ಹೋಗಿ. ಕೋಟೆಗೆ ಹತ್ತುವ ದಾರಿ ಉರುಟು ಕಲ್ಲಿನದು, ಮಳೆ ಬಂದರೆ ಜಾರುತ್ತದೆ; ಚಪ್ಪಲಿ ಬೇಡ, ಬೂಟು ಹಾಕಿ. ಇಳಿದು ಬಂದ ಮೇಲೆ ನೆಕರ್ ಹೊಳೆಯಲ್ಲಿ ಗಳ ಊರಿ ನಡೆಸುವ ಚಪ್ಪಟೆ ದೋಣಿ ಸಿಗುತ್ತದೆ, ನಡುಗಡ್ಡೆಗೆ ಒಂದು ಸುತ್ತು ಹಾಕಲು ಸುಮಾರು ಒಂದು ತಾಸು. ಬೇಸಿಗೆಯ ಭಾನುವಾರ ಸರದಿ ಉದ್ದ. ಇಬ್ಬರಿಗೇ ಇಡೀ ದೋಣಿ ಹಿಡಿದರೆ ದುಬಾರಿಯಾಗುತ್ತದೆ, ತಲೆಗಿಷ್ಟು ಎಂದು ಕೂರಿಸಿಕೊಳ್ಳುವ ದೋಣಿ ಹೊರಡುವ ವೇಳೆ ಸೇತುವೆಯ ಬಳಿಯ ಪ್ರವಾಸಿ ಮಾಹಿತಿ ಕಚೇರಿಯಲ್ಲಿ ಕೇಳಿಕೊಂಡರೆ ಕಡಿಮೆಯಲ್ಲಿ ಮುಗಿಯುತ್ತದೆ.